ಚೌಕಾಸಿಯಲ್ಲಿ ಉಳಿಸಿದ ಎಂಟು ದಿನ

ಪೀಣ್ಯದಲ್ಲಿ ನನ್ನದೊಂದು ಸಣ್ಣ ಕಾರ್ಖಾನೆ. ಪಂಪುಗಳಿಗೆ ಹಾಕುವ ರಬ್ಬರ್ ವಾಷರ್ ಮಾಡುತ್ತೇವೆ. ಯಾವ ಮಾಲು ಯಾವ ದಿನ ಹೊರಡಬೇಕೆಂದು ಹೇಳುವ ಪ್ರೋಗ್ರಾಂ ಬರೆದುಕೊಟ್ಟವಳು ಪಕ್ಕದ ಬಾಗಲಗುಂಟೆಯ ಹೆಣ್ಣುಮಗಳು. ಆಫೀಸಿನಲ್ಲಿ ಕೂತವಳೇ ಅಲ್ಲ. ಎರಡು ತಿಂಗಳು ಮೆಷಿನ್‌ಗಳ ನಡುವೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಕೆಲಸಗಾರರನ್ನು ಕೇಳಿ ಕೇಳಿ ಬರೆದಳು. ಪ್ರತಿ ಶುಕ್ರವಾರ ಆದಷ್ಟನ್ನು ಅವರಿಗೇ ತೋರಿಸಿ ತಿದ್ದುವಳು. ರಬ್ಬರನ್ನು ಅಚ್ಚಿಗೆ ಒತ್ತುವ ಪ್ರೆಸ್ ನಡೆಸುತ್ತಿದ್ದ ಗದಗಿನ ಅಜ್ಜ ರೇಗುತ್ತಿದ್ದ: "ಯಾಕ, ಯಾಕ, ಯಾಕ! ನನ್ ಹೇಣ್ತಿನೂ ಜಲ್ಮದಾಗ ಇಷ್ಟ್ ಕೇಳಿಲ್ಲ ತಂಗಿ."

"ಅದ್ಕೇ ಅಜ್ಜ, ಅವರಿಗಿನ್ನೂ ನೀವು ಅರ್ಥ ಆಗಿಲ್ಲ!"

ಕೆಲಸ ಮುಗಿದಾಗ ಅವಳು ನನ್ನ ಹತ್ತಿರ ಬಂದಳು. "ಅಣ್ಣ, ಇನ್ನೊಂದ್ ಎಂಟು ದಿನ ಕೊಡಿ. ಯಾವುದನ್ನ ಯಾಕೆ ಹಂಗೆ ಮಾಡ್ದೆ ಅಂತ ಬರೆದಿಟ್ಟು ಹೋಗ್ತೀನಿ."

"ಓಡ್ತಾ ಇದೆಯಲ್ಲಮ್ಮ, ಸಾಕು. ನೀನೆಲ್ಲಿಗೆ ಹೋಗ್ತೀಯ, ಬಾಗಲಗುಂಟೆ ತಾನೆ!" ಅಂದೆ. ಸೊಪ್ಪಿನಿಂದ ಮೆಷಿನ್‌ವರೆಗೆ ಚೌಕಾಸಿ ಮಾಡಿಯೇ ಮೇಲೆ ಬಂದವನು. ಎಂಟು ದಿನದ ದುಡ್ಡು ಉಳಿಸಿ ಇದರಲ್ಲೂ ಗೆದ್ದೆ ಅಂದುಕೊಂಡೆ.

ಏಳು ವರ್ಷ ಪ್ರೋಗ್ರಾಂ ಕೈಕೊಡಲಿಲ್ಲ. ಈ ವರ್ಷ ನಮ್ಮ ದೊಡ್ಡ ಗಿರಾಕಿ, ಅಚ್ಚಿನಿಂದ ತೆಗೆದ ದಿನವೇ ಮಾಲು ಬೇಕು, ಇಲ್ಲವೇ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಆದರೆ ಅವರು ಕೊಳ್ಳುವ ಆ ಒಂದು ಅಳತೆಯ ವಾಷರನ್ನು ಮಾತ್ರ ಪ್ರೋಗ್ರಾಂ ಒಂದು ದಿನ ತಡೆದಿಡುತ್ತದೆ. ಬದಲಾಯಿಸಲು ಕರೆಸಿದ ಹೊಸ ಎಂಜಿನಿಯರ್ ತಲೆ ಕೆರೆದುಕೊಂಡ. "ಸಾರ್, ಒಂದೇ ಸಾಲು, ತೆಗೆದ್ಬಿಡಬಹುದು. ಯಾಕಿದೆ ಅಂತ ಎಲ್ಲೂ ಬರೆದಿಲ್ವಲ್ಲ. ನಾಳೆ ಪಂಪೆಲ್ಲ ಸೋರಿದ್ರೆ ನನ್ನನ್ನ ಬೈಬೇಡಿ ಅಷ್ಟೆ."

ಅವಳಿಗೇ ಫೋನ್ ಮಾಡಿದೆ. ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾಳೆ.

"ಅಜ್ಜ ಹೇಳಿದ್ದಕ್ಕೇ ಹಾಕಿದ್ದು ಅಣ್ಣ. ಏನ್ ಕಾರಣ ಹೇಳಿದ್ರೋ, ನಿಜವಾಗ್ಲೂ ಮರೆತೋಗಿದೆ. ಅವರನ್ನೇ ಕೇಳ್ಬಿಡಿ."

"ಅವರು ತೀರ್ಕೊಂಡು ಮೂರು ವರ್ಷ ಆಯ್ತಮ್ಮ."

"ಅಯ್ಯೋ! ಅವರ ಶೇಂಗಾ ಚಟ್ನಿ ಮಾತ್ರ ನೆನಪಿದೆ ಅಣ್ಣ" ಅಂದಳು.

ಪ್ರೋಗ್ರಾಂ ಬರೆಸುವವರಿಗೆ ನನ್ನದೊಂದು ಮಾತು: ಬೇರೆ ಎಲ್ಲಾದರೂ ಕೊಸರಾಡಿ, ಕಾರಣ ಬರೆದಿಡುವ ದಿನಗಳಲ್ಲಿ ಬೇಡ. ಅಜ್ಜನ ಅನುಭವವೆಲ್ಲ ಅವಳ ತಲೆಗೆ ಬಂದಿತ್ತು; ಅಲ್ಲಿಂದ ಕಾಗದಕ್ಕೆ ಇಳಿಯಲು ನಾನೇ ಬಿಡಲಿಲ್ಲ.

ಆ ಸಾಲನ್ನು ತೆಗೆಸುವ ಧೈರ್ಯ ಬರಲಿಲ್ಲ. ಗಿರಾಕಿ ಹೋದರು. ಅಜ್ಜನ ಪ್ರೆಸ್ಸಿಗೆ ಈಗ ಬೇರೆ ಅಚ್ಚು ಕೂರಿಸಿದ್ದೇವೆ. ಪಕ್ಕದಲ್ಲಿ ಹಾದುಹೋಗುವಾಗ ಅಜ್ಜನ, ಅವಳ ಆ ಜಗಳ ಒಮ್ಮೆ ಕೇಳಿಸಬಾರದೇ ಅನ್ನಿಸುತ್ತದೆ. ಆಗ ಗದ್ದಲವೆಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ.