ಹಾವು ಬಂದರೆ ತುಂಬಿದ್ದು, ಕಂಬ ಬಂದರೆ ಬರಿದು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಅಣ್ಣಿಗೇರಿಯ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಶಾರದವ್ವ ಮೇಜಿನ ಮೇಲಿನ ಎರೆಮಣ್ಣಿನ ಧೂಳು ಒರೆಸುತ್ತಾರೆ, ಕೈ ತೊಳೆಯುತ್ತಾರೆ, ಕೈ ಪೂರಾ ಒಣಗಿದ ಮೇಲೆಯೇ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಆರಕ್ಕೆ ಕರೆಂಟು ಹೋಗುತ್ತದೆ. ಅಷ್ಟರಲ್ಲಿ ಒಂದು ಫ್ಲಾಪಿಯಲ್ಲಿರುವುದೆಲ್ಲ ಇನ್ನೊಂದಕ್ಕೆ ಇದ್ದದ್ದು ಇದ್ದಂತೆ ಇಳಿಯಬೇಕು. ಯಂತ್ರಕ್ಕೆ ಫ್ಲಾಪಿ ತೂರಿಸುವ ಬಾಯಿ ಒಂದೇ. ಹೀಗಾಗಿ ತುಂಬಿದ್ದನ್ನು ಹಾಕಬೇಕು, ತೆಗೆಯಬೇಕು, ಬರಿದನ್ನು ಹಾಕಬೇಕು. ಮೂರು ಸುತ್ತು.

"ಅಕ್ಷರ ಬರ್ತಾವ ತಂಗೆವ್ವಾ, ಇಂಗ್ಲೀಷ್ ಮಾತು ಬರಂಗಿಲ್ಲ," ಎನ್ನುತ್ತಾರೆ ಪತ್ರಿಕೆಯಿಂದ ಬಂದ ನನಗೆ, ಪರದೆಯಿಂದ ಕಣ್ಣು ತೆಗೆಯದೆ. "ಹಾವಿನಂಥಾ ಅಕ್ಷರ ಬಂದ್ರ ತುಂಬಿದ್ದು ಕೇಳಾಕತ್ತೈತಿ. ಕಂಬದಂಥಾದ್ದು ಬಂದ್ರ ಬರಿದು. ಮಾತು ನಿಲ್ಲೂ ಮೊದಲ ಅಣ್ಣ ಹಂಗ ಹೇಳಿಕೊಟ್ಟಾನ." ಪರದೆಯ ಮೇಲೆ SOURCE ಬಂದರೆ ಅದರ ಎಸ್ ಹಾವು, TARGET ಬಂದರೆ ಅದರ ಟಿ ಕಂಬ.

ಅಣ್ಣ ಈರಬಸಪ್ಪ ಮಾಸ್ತರರು ಒಳಕೋಣೆಯಲ್ಲಿ ಮಲಗಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಹುಬ್ಬಳ್ಳಿಯ ಡಾಕ್ಟರರನ್ನು ಕರೆತಂದು ಊರೂರಿನಲ್ಲಿ ರಕ್ತದ ಗುಂಪು ಪರೀಕ್ಷೆ ಮಾಡಿಸಿದರು, ಯಾರಿಗೆ ಯಾವ ಗುಂಪು, ಯಾವ ಓಣಿ ಎಂಬ ಪಟ್ಟಿಯನ್ನು ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಏರಿಸಿದರು. ಸಾವಿರದ ಮುನ್ನೂರ ಹನ್ನೆರಡು ಹೆಸರು. ಮಳೆಗೆ ನೆನೆದು ಉಬ್ಬಿದ ನೋಟ್‌ಬುಕ್ಕುಗಳು ರದ್ದಿಗೆ ಹೋದವು. ೧೯೮೬ರಲ್ಲಿ ಮಾಸ್ತರರಿಗೆ ಲಕ್ವ ಹೊಡೆದು ಕೈ, ನಾಲಗೆ ಎರಡೂ ನಿಂತವು. ಅಡುಗೆಮನೆಯಲ್ಲಿದ್ದ ವಿಧವೆ ತಂಗಿ, ಏಳನೇ ಇಯತ್ತೆ ಓದಿದವರು, ಆ ಖುರ್ಚಿಗೆ ಬಂದರು.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಇದ್ದೊಂದು ನಕಲು ಬೂಷ್ಟು ಹಿಡಿದಿತ್ತು. ಶಾರದವ್ವ ಮೊದಲ ಬಾರಿ ಒಬ್ಬರೇ ಹೊಸ ನಕಲು ತೆಗೆಯಲು ಕೂತರು.

"ನಡುವ ಕರೆಂಟ್ ಹೋತು. ಬಂದ ಮ್ಯಾಲೆ ಒಳಗಿದ್ದದ್ದು ಯಾವದು, ಕೈಯಾಗಿದ್ದದ್ದು ಯಾವದು, ಗುರ್ತ ಹತ್ತಲಿಲ್ಲ. ಎರಡೂ ಕರ್ರಗ, ಅವಳಿ ಜವಳಿ ಇದ್ದಂಗ. ಹಾವು ಕೇಳಿದಾಗ ಬರಿದು ಕೊಟ್ಟೆ. ಕಂಬ ಕೇಳಿದಾಗ ತುಂಬಿದ್ದು ಕೊಟ್ಟೆ. ಅದು ಬ್ಯಾಡ ಅನಲಿಲ್ಲ. ಬರಿದನ್ನ ತುಂಬಿದ್ದರ ಮ್ಯಾಲೆ ಸುರುವಿಬಿಡ್ತು."

ಒಂದು ಹೆಸರೂ ಉಳಿಯಲಿಲ್ಲ.

ನಾಲ್ಕನೆಯ ದಿನ ಬಾಗಿಲು ಬಡಿದವನು ಪಕ್ಕದ ಓಣಿಯ ಹಲೀಮಾಬಿಯ ಅಳಿಯ. ಮಗಳು ಮೌಲಾಬಿಗೆ ಹುಬ್ಬಳ್ಳಿಯಲ್ಲಿ ಹೆರಿಗೆಯಾಗಿ ರಕ್ತ ನಿಲ್ಲದೆ ಹೋಗುತ್ತಿತ್ತು. ಬೇಕಿದ್ದದ್ದು ಓ ನೆಗೆಟಿವ್. ಅಳಿಸಿಹೋದ ಪಟ್ಟಿಯಲ್ಲಿ ಅಂಥವರು ಹನ್ನೊಂದು ಮಂದಿ ಇದ್ದರು. ಶಾರದವ್ವನಿಗೆ ನೆನಪಿದ್ದದ್ದು ಇಬ್ಬರು. ಒಬ್ಬ ಗೋವಾಕ್ಕೆ ದುಡಿಯಲು ಹೋಗಿದ್ದ. ಇನ್ನೊಬ್ಬ ಯಮನೂರಿನ ಹೊಲದಲ್ಲಿ ಮಧ್ಯಾಹ್ನ ಸಿಕ್ಕ. ಅವನನ್ನು ಕರೆದುಕೊಂಡು ಹುಬ್ಬಳ್ಳಿ ಮುಟ್ಟಿದಾಗ ಸಂಜೆಯಾಗಿತ್ತು. ಮೌಲಾಬಿ ಮೂರು ಗಂಟೆಗೇ ತೀರಿಕೊಂಡಿದ್ದಳು. ಇಪ್ಪತ್ತೆರಡು ವರ್ಷ.

ಯಂತ್ರ ಮಾರಿದವನು ಆಮೇಲೆ ವಿವರಿಸಿದ: ಫ್ಲಾಪಿಯ ಅಂಚಿನಲ್ಲೊಂದು ಕಚ್ಚು ಇರುತ್ತದೆ, ಅದರ ಮೇಲೆ ಕರಿ ಪಟ್ಟಿ ಅಂಟಿಸಿದರೆ ಯಂತ್ರ ಓದುತ್ತದೆ, ಬರೆಯಲಾರದು. ಪಟ್ಟಿಗಳು ಫ್ಲಾಪಿಯ ಡಬ್ಬಿಯೊಳಗೇ ಬಂದಿದ್ದವು. ಹೆಸರು ಬರೆಯಲು ಸಾಲದಷ್ಟು ಸಣ್ಣವೆಂದು ಶಾರದವ್ವ ಅವನ್ನು ಉಪ್ಪಿನಕಾಯಿ ಭರಣಿಗಳಿಗೆ ಗುರುತಿಗೆಂದು ಹಚ್ಚಿದ್ದರು. ಒಂದು ಭರಣಿಯ ಮೇಲೆ ಪಟ್ಟಿ ಈಗಲೂ ಇದೆ. ಅದರಲ್ಲಿ ಉಪ್ಪಿನಕಾಯಿ ಹಾಕುವುದನ್ನು ನಿಲ್ಲಿಸಿದ್ದಾರೆ.

ಏಳು ತಿಂಗಳು ಚೀಲ ಹೆಗಲಿಗೇರಿಸಿ ಅವರು ಊರೂರು ತಿರುಗಿದರು. ಪರೀಕ್ಷೆಯ ಚೀಟಿ ಕಳೆದವರನ್ನು ಮತ್ತೆ ಪರೀಕ್ಷೆಗೆ ಒಯ್ದರು. ಈಗ ಪಟ್ಟಿಯಲ್ಲಿ ಸಾವಿರದ ನಲವತ್ತಾರು ಹೆಸರುಗಳಿವೆ. ಓ ನೆಗೆಟಿವ್ ಒಂಬತ್ತು. ಕೈಬರಹದ ಪುಸ್ತಕವನ್ನೂ ಇಟ್ಟಿದ್ದಾರೆ, ಆದರೆ ಅದರಲ್ಲಿ ಹುಡುಕಲು ಅರ್ಧ ತಾಸು ಬೇಕು. ಕಳೆದ ವರ್ಷ ನಲವತ್ತೊಂದು ಸಲ ಬಾಗಿಲು ಬಡಿದಿದೆ. ಎಂಟು ಸಲ ರಕ್ತ ಹೋಗುವಷ್ಟರಲ್ಲಿ ಜೀವ ಹೋಗಿತ್ತು. ಕೇಳಿದರೆ ಶಾರದವ್ವ ಹೇಳುವುದು ಆ ಎಂಟು ಮಂದಿಯ ಹೆಸರನ್ನೇ.

ಐದೂಮುಕ್ಕಾಲಿಗೆ ನಕಲು ಮುಗಿಯುತ್ತದೆ. ಹೊಸ ಫ್ಲಾಪಿಯನ್ನು ತೆರೆದು, ಹೆಸರುಗಳು ಬರುತ್ತವೆಯೇ ನೋಡಿ, ಕರಿ ಪಟ್ಟಿ ಹಚ್ಚಿ, ಬಿಸ್ಕೀಟಿನ ಡಬ್ಬಿಯಲ್ಲಿಟ್ಟು ಅವರು ಓಣಿ ದಾಟುತ್ತಾರೆ. ಒಂದೇ ಸೂರಿನಡಿ ಎರಡೂ ಇರಬಾರದು. ಸೋರಿದರೆ ಎರಡೂ ಸೋರುತ್ತವೆ. ನಕಲು ಇರುವುದು ಹಲೀಮಾಬಿಯ ಮನೆಯಲ್ಲಿ. ಡಬ್ಬಿ ಕೇಳಿ ತೆಗೆದುಕೊಂಡವರು ಹಲೀಮಾಬಿಯೇ.

ಕೌದಿ ಹೊಲಿಯುತ್ತಾ ಕೂತ ಆಕೆ ತಲೆಯೆತ್ತದೆ ಕೇಳುತ್ತಾರೆ: "ತೆರದು ನೋಡೀಯೇನ?"

"ನೋಡೀನಿ."

"ಪಟ್ಟಿ?"

"ಹಚ್ಚೀನಿ, ಹಲೀಮಾ."

"ತೋರ್ಸು. ನಿನ್ನ ಮಷೀನಕ್ಕ ಬುದ್ಧಿ ಇಲ್ಲ, ನಿನಗೂ ಇಲ್ಲ. ಜೋಡಿ ಚಲೋ ಐತಿ."

ಶಾರದವ್ವ ತೋರಿಸುತ್ತಾರೆ. ಹಲೀಮಾಬಿ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿ, ಡಬ್ಬಿಯನ್ನು ಹಳೆಯ ಕೌದಿಯಲ್ಲಿ ಸುತ್ತಿ ಟ್ರಂಕಿಗೆ ಇಳಿಸುತ್ತಾರೆ. ಪಕ್ಕದಲ್ಲಿ ಮೌಲಾಬಿ ಹೆತ್ತ ಎರಡು ವರ್ಷದ ಮೊಮ್ಮಗಳು ನಿದ್ದೆಯಲ್ಲಿದ್ದಾಳೆ.

"ಮಾಫಿ ಮಾಡಿಲ್ಲ ನಾ," ಎನ್ನುತ್ತಾರೆ ಹಲೀಮಾಬಿ, ಶಾರದವ್ವ ಅಲ್ಲೇ ನಿಂತಿರುವಾಗ. "ಮಾಡೂದೂ ಇಲ್ಲ. ಆದ್ರ ಈ ಡಬ್ಬಿ ನನ್ನ ಮನ್ಯಾಗಿಂದ ಕಳೀಯಂಗಿಲ್ಲ."

ಕಳೆದಿಲ್ಲ. ಈ ವರ್ಷ ಎರಡು ಸಲ ಧೂಳು ಹೊಕ್ಕು ಶಾರದವ್ವನ ಫ್ಲಾಪಿ ಕೆಟ್ಟಿತು. ಎರಡೂ ಸಲ ಆ ಟ್ರಂಕಿನ ನಕಲಿನಿಂದಲೇ ಇಡೀ ಪಟ್ಟಿ ಹೊಸ ಫ್ಲಾಪಿಗೆ ಮರಳಿತು. ಎರಡನೆಯ ಸಲ ಕೆಟ್ಟ ಮರುದಿನವೇ ಕುಂದಗೋಳದ ಕಡೆಯಿಂದ ಒಬ್ಬ ತಂದೆ ಬಂದಿದ್ದ. ಅವನ ಮಗಳು ಉಳಿದಳು.

ಮರಳುವ ದಾರಿಯಲ್ಲಿ ಕರೆಂಟು ಹೋಗಿ ಓಣಿಯ ದೀಪ ಆರುತ್ತದೆ. ಎರಡು ಬಾಯಿಯ ಯಂತ್ರ ಬಂದರೆ ಹಾಕಿ ತೆಗೆಯುವ ಕಷ್ಟ ತಪ್ಪುತ್ತದಲ್ಲ ಎಂದರೆ ಶಾರದವ್ವ ಇಲ್ಲವೆಂದು ತಲೆಯಾಡಿಸುತ್ತಾರೆ.

"ಬಾಯಿ ಎಷ್ಟಿದ್ರೇನ, ಹಾಕೂ ಕೈ ಇದ ಅಲ್ಲೇನು?" ಬಾಗಿಲ ಚಿಲಕ ತೆಗೆಯುತ್ತಾ ನಿಲ್ಲುತ್ತಾರೆ. "ಪೇಪರಿನ್ಯಾಗ ನನ್ನ ಹೆಸರು ಬರೀದಿದ್ರೂ ನಡೀತೈತಿ ತಂಗೆವ್ವಾ. ಯಾರ ಮನ್ಯಾಗರ ಇಂಥಾ ಮಷೀನ್ ಇದ್ರ, ಮೊದಲ ತುಂಬಿದ್ದಕ್ಕ ಕರೀ ಪಟ್ಟಿ ಹಚ್ಚಿ ಆಮ್ಯಾಲೆ ಕುಂದರ್‍ರಿ ಅಂತ ಬರಿ. ಅಷ್ಟ ಬರಿ."