ಸೋದರತ್ತೆ ಕೇಳಿದ ಉಡುಗೊರೆ

ಗಾದಿಗನೂರಿನ ಬಸ್ ಸ್ಟಾಪಿನ ಎದುರಿಗೆ ಮಂಡಕ್ಕಿ, ಮಿರ್ಚಿ ಮಾರುತ್ತಿದ್ದ ಪಂಪಮ್ಮನಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ. ಪಂಚಮಿ ಹಬ್ಬಕ್ಕೆ ಕರೆಯಲು ಬರುವ ಅಣ್ಣನಿಲ್ಲ, ಒಂದು ಕುಪ್ಪಸದ ಕಣ ಕೊಡುವ ತಮ್ಮನಿಲ್ಲ ಎಂದು ನಗುತ್ತಲೇ ಹೇಳುತ್ತಿದ್ದಳು. ನಗುತ್ತ ಹೇಳಿದ ಮಾತಿನಲ್ಲಿ ನೋವಿಲ್ಲ ಎಂದುಕೊಳ್ಳುವವನು ಪೆದ್ದ. ಶಂಭುಲಿಂಗ ಪೆದ್ದನಲ್ಲ.

ವಿಧಾನಸಭೆ ಚುನಾವಣೆಗೆ ನಿಲ್ಲುವ ಹಿಂದಿನ ವರ್ಷ, ಹೊಸಪೇಟೆಯಲ್ಲಿ ಎರಡೇ ಲಾರಿ ಇಟ್ಟುಕೊಂಡಿದ್ದ ಕಾಲದಲ್ಲಿ, ಅವನು ಅಂಗಡಿಗೆ ಬಂದು ಮಿರ್ಚಿ ತಿಂದು, ಕೈ ತೊಳೆದು, ಜನರೆದುರಿಗೇ ಪಂಪಮ್ಮನ ಕಾಲಿಗೆ ಬಿದ್ದ. “ನನಗೂ ಅಕ್ಕತಂಗೇರಿಲ್ಲ. ಇವತ್ತಿನಿಂದ ನೀನ ನಮ್ಮಕ್ಕ,” ಎಂದ. ಪಂಚಮಿಗೆ ಸೀರೆ ತಂದ. ಆಮೇಲೆ ಕೇಳಬೇಕೆ? ಪಂಪಮ್ಮ ಅಂಗಡಿಗೆ ಬೀಗ ಹಾಕಿ ಮನೆಮನೆ ತಿರುಗಿ ತಮ್ಮನಿಗೆ ಓಟು ಕೇಳಿದಳು. ಅವನು ಗೆದ್ದ ದಿನ ಓಣಿಗೆಲ್ಲ ಮಂಡಕ್ಕಿ ಹಂಚಿದಳು.

ಗೆದ್ದ ಮೇಲೆ ಪಂಚಮಿಗಳು ಬಂದು ಹೋದವು, ತಮ್ಮ ಬರಲಿಲ್ಲ. ಬಂದದ್ದು ಅವನ ಲಾರಿಗಳು. ಸಂಡೂರಿನ ಗುಡ್ಡದ ಅದಿರು ಚೀನಾಕ್ಕೆ ಹೊರಟಿದ್ದ ಕಾಲ ಅದು. ಹಣೆಯ ಮೇಲೆ ‘ಶಂಭುಲಿಂಗ’ ಎಂದು ದೊಡ್ಡದಾಗಿ ಬರೆಸಿಕೊಂಡ ಲಾರಿಗಳು ಊರ ನಡುವಿನ ಇಕ್ಕಟ್ಟಾದ ಬೀದಿಯಲ್ಲೇ, ಶಾಲೆಯ ಮುಂದೆಯೇ ಓಡಾಡಿದವು. ಪಂಪಮ್ಮನ ಹಸಿ ಮೆಣಸಿನಕಾಯಿ ಹಿಟ್ಟಿಗೆ ಬೀಳುವ ಮೊದಲೇ ಧೂಳು ಕೂತು ಕೆಂಪಾಗುತ್ತಿತ್ತು. ಕೇಳಿದವರಿಗೆಲ್ಲ ಆಕೆ, “ಅವನಿಗೆ ಸಾವಿರ ಕೆಲಸ, ಬರ್ತಾನ ಬಿಡ್ರಿ,” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಪಕ್ಕದ ಮನೆಯ ದ್ಯಾಮಕ್ಕನ ಮೊಮ್ಮಗಳ ಪಾದದ ಮೇಲೆ ಲಾರಿಯ ಗಾಲಿ ಹತ್ತಿತು. ಮಗು ಬದುಕಿತು, ಪಾದ ಉಳಿಯಲಿಲ್ಲ. ದ್ಯಾಮಕ್ಕ ಅಳಲೂ ಇಲ್ಲ, ಬೈಯಲೂ ಇಲ್ಲ. ಅಂಗಡಿಯ ಬೆಂಚಿನ ಮೇಲೆ ಕೂತು ಒಂದೇ ಮಾತು ಹೇಳಿದಳು: “ಊರ ಹೊರಗ ಹಳೇ ಬಂಡಿದಾರಿ ಐತಲ್ಲ, ಅದರ ಮ್ಯಾಲೆ ಲಾರಿ ಓಡ್ಸು ಅಂತ ನಿನ್ನ ತಮ್ಮಗ ಹೇಳವ್ವ. ನಿನ್ನ ಮಾತು ತೆಗೆದು ಹಾಕಂಗಿಲ್ಲ ಅವ.”

“ಹೇಳ್ತೀನಿ. ಮಾಡಿಸೇ ಮಾಡಿಸ್ತೀನಿ,” ಎಂದು ಪಂಪಮ್ಮ ಅವಳ ಕೈ ಮೇಲೆ ಕೈ ಇಟ್ಟಳು.

ಹೇಳುವುದೆಲ್ಲಿ? ಹೊಸಪೇಟೆಯ ಬಂಗಲೆಯ ಗೇಟಿನಲ್ಲೇ ಎಷ್ಟೋ ಸಲ ಆಕೆಯನ್ನು ವಾಪಸ್ ಕಳಿಸಿದರು. ಹೀಗಿರುವಾಗ ಒಂದು ದಿನ ಕಾರೇ ಅಂಗಡಿಗೆ ಬಂತು. ಶಂಭುಲಿಂಗನಿಗೆ ಗಂಡು ಮಗು ಹುಟ್ಟಿದೆ, ತೊಟ್ಟಿಲ ಕಾರ್ಯಕ್ಕೆ ಸೋದರತ್ತೆ ಬೇಕು. ಪಂಪಮ್ಮನ ಕಣ್ಣು ತುಂಬಿತು. ಹೆಸರು ಕೂಗುವ ಅತ್ತೆ ತೊಟ್ಟಿಲ ಮುಂದೆ ಕೇಳಿದ್ದನ್ನು ತಮ್ಮನಾದವನು ಇಲ್ಲ ಎನ್ನುವ ಹಾಗಿಲ್ಲ. ಇದು ನಮ್ಮ ಕಡೆಯ ಪದ್ಧತಿ. ಬಂಗಾರ ಕೇಳಿದವರುಂಟು, ಎಮ್ಮೆ ಕೇಳಿದವರುಂಟು. ತಾನು ಏನು ಕೇಳಬೇಕೆಂದು ಆಕೆಗೆ ಗೊತ್ತಿತ್ತು. ಕೂಸಿಗೆ ತಾನೇ ಒಂದು ಕುಲಾವಿ ಹೊಲಿದು, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಕಾರು ಹತ್ತಿದಳು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ. ಇವನು ನಡುಮಧ್ಯಾಹ್ನ ಹೆಲಿಕಾಪ್ಟರಿನಲ್ಲಿ ಇಳಿದ, ಅದೂ ತನ್ನದೇ ಮನೆಯ ಕಾರ್ಯಕ್ಕೆ. ಪೆಂಡಾಲಿನ ಫ್ಲೆಕ್ಸಿನಲ್ಲಿ ಅಪ್ಪ ಆಳೆತ್ತರ ನಿಂತಿದ್ದ. ಹೆಸರಿಡಬೇಕಾದ ಕೂಸು ಅವನ ಮೊಣಕಾಲ ಹತ್ತಿರ ಒಂದು ಮೂಲೆಯಲ್ಲಿತ್ತು. ಕೇಬಲ್ ಟಿವಿಯವರು ಕ್ಯಾಮೆರಾ ತಂದಿದ್ದರು, ಮೈಕು ಶಂಭುಲಿಂಗನ ಕೈಯಲ್ಲೇ ಇತ್ತು. “ನನ್ನಂಥ ತಮ್ಮನ್ನ ಪಡೆಯಾಕ ನಮ್ಮಕ್ಕ ಎಷ್ಟು ಪುಣ್ಯ ಮಾಡಿದ್ಳೋ,” ಎಂದು ಜನಕ್ಕೆ ಹೇಳಿದ. ಜನ ಚಪ್ಪಾಳೆ ತಟ್ಟಿದರು.

ಪಂಪಮ್ಮ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಕೂಗಿದಳು. ಸುತ್ತಲಿನ ಹೆಂಗಸರು ರೂಢಿಯಂತೆ ಆಕೆಯ ಬೆನ್ನಿಗೆ ಗುದ್ದಿದರು. ಆಕೆ ಏಳಲಿಲ್ಲ. ತೊಟ್ಟಿಲ ಹಗ್ಗ ಹಿಡಿದುಕೊಂಡೇ ತಮ್ಮನನ್ನು ಹತ್ತಿರ ಕರೆದಳು. ಅವನು ಕಿವಿ ಕೊಟ್ಟ.

“ನನಗ ಬಂಗಾರ ಬ್ಯಾಡಪ್ಪ. ನಿನ್ನ ಲಾರಿ ನಮ್ಮೂರ ಬೀದ್ಯಾಗ ಬರೋದು ಬ್ಯಾಡ. ಬಂಡಿದಾರಿ ಮ್ಯಾಲೆ ಓಡ್ಸು. ಇದೊಂದು ಕೊಡು.”

ಅವನ ನಗು ಕಡಿಮೆಯಾಗಲಿಲ್ಲ. ನೆಟ್ಟಗಾಗಿ ಮೈಕು ಬಾಯಿಗೆ ಹಿಡಿದ. “ನಮ್ಮಕ್ಕ ಏನು ಕೇಳಿದ್ಳು ಗೊತ್ತೇನ್ರಿ? ತನಗೇನೂ ಬ್ಯಾಡಂತ. ಊರ ಬೀದಿ ಸಣ್ಣದೈತಿ, ಅಗಲ ಮಾಡು, ಅದಕ್ಕ ನಿನ್ನ ಹೆಸರಿಡು ಅಂದ್ಳು. ಅಕ್ಕ ಕೇಳಿದ ಮ್ಯಾಲೆ ಇಲ್ಲ ಅನ್ನಾಕ ಆಗ್ತದೇನು? ಮುಂದಿನ ತಿಂಗಳೇ ಶಂಭುಲಿಂಗ ರಸ್ತೆ!”

ಪಂಪಮ್ಮ “ಅಲ್ಲ, ಅಲ್ಲ” ಎಂದಳು. ಚಪ್ಪಾಳೆಯಲ್ಲಿ ಅದು ಆಕೆಯ ಕಿವಿಗೇ ಕೇಳಿಸಲಿಲ್ಲ. ಯಾರೋ ಆಕೆಯ ಹೆಗಲಿಗೆ ಶಾಲು ಹಾಕಿ, ಕೈ ಹಿಡಿದು ವೇದಿಕೆಯಿಂದ ಇಳಿಸಿದರು. ಸುಳ್ಳು ಹೇಳಿದ್ದಕ್ಕಿಂತ, ಅದನ್ನು ಕೂಸಿನ ತೊಟ್ಟಿಲ ಮುಂದೆ ನಿಂತು ಹೇಳಿದ್ದೇ ಆಕೆಗೆ ಹೆಚ್ಚು ನೋವು ತಂದಿತು.

ಆಕೆ ಊರು ಮುಟ್ಟುವಷ್ಟರಲ್ಲಿ ಊರೆಲ್ಲ ಟಿವಿಯಲ್ಲಿ ನೋಡಿತ್ತು. ಹೇಳಿದ ತಿಂಗಳಲ್ಲೇ ಜೆಸಿಬಿ ಬಂತು. ಬೀದಿಯ ಎರಡೂ ಕಡೆಯ ಮನೆಗಳ ಮುಂಭಾಗ ಹೋಯಿತು. ಪಂಪಮ್ಮನ ಅಂಗಡಿ ಹೋಯಿತು. ದ್ಯಾಮಕ್ಕನ ಪಡಸಾಲೆ ಹೋಯಿತು, ಮೊಮ್ಮಗಳು ಮಲಗುತ್ತಿದ್ದ ಜಾಗ ಅದು. ಅಗಲವಾದ ಬೀದಿಯಲ್ಲಿ ಲಾರಿಗಳು ಎರಡೆರಡು ಸಾಲಾಗಿ ಓಡಿದವು. ಪಂಪಮ್ಮ ಕಂಡಕಂಡವರಿಗೆ ನಡೆದದ್ದನ್ನು ಹೇಳಿದಳು. ನಂಬಲು ಯಾರಿಗೂ ಆಗಲಿಲ್ಲ, ಕಣ್ಣಾರೆ ನೋಡಿದ್ದರಲ್ಲ.

ಕೊನೆಗೆ ದ್ಯಾಮಕ್ಕನ ಮನೆಗೆ ಹೋದಳು. ಒಡೆದ ಗೋಡೆಗೆ ಗೋಣಿತಟ್ಟು ಕಟ್ಟುತ್ತಿದ್ದ ದ್ಯಾಮಕ್ಕ ತಿರುಗಿ ನೋಡದೆ ಹೇಳಿದಳು: “ದೊಡ್ಡೋರ ನಡುವ ನಿಂತಾಗ ಮಾತು ತಪ್ಪತೈತಿ ಪಂಪಿ. ಹೆದರಿ ಕೇಳಿರ್ತಿ, ಇಲ್ಲ ಆಸೆಗೆ ಕೇಳಿರ್ತಿ. ಹೌದು ಅಂದ್ಬಿಡು, ನಾನು ಮರೀತೀನಿ. ಸುಳ್ಳು ಹೇಳಿದ್ರ ಮಾತ್ರ ನನ್ನ ಕೂಡ ಮಾತಾಡಬ್ಯಾಡ.”

ಪಂಪಮ್ಮನ ಪಾಲಿಗೆ ತಮ್ಮನೆಂಬುವನು ಹೋಗಿದ್ದ, ಅಂಗಡಿ ಹೋಗಿತ್ತು. ಉಳಿದವಳು ಇವಳೊಬ್ಬಳೇ.

“ಹೌದು ದ್ಯಾಮಕ್ಕ,” ಎಂದಳು. “ನಾನ ಕೇಳಿದ್ದು.”

ದ್ಯಾಮಕ್ಕ ತಟ್ಟಿನ ಇನ್ನೊಂದು ತುದಿಯನ್ನು ಆಕೆಯ ಕೈಗೆ ಕೊಟ್ಟಳು.