ಹುಂಚದ ಕಣದಲ್ಲಿ ಜಾರುವ ಪಾಠ

ತೀರ್ಥಹಳ್ಳಿಗೆ ಹೊರಟ ನಮ್ಮ ಅಂಬಾಸಡರ್ ಹುಂಚದ ಬಳಿ ಒಂದು ಖಾಲಿ ಕಣದಲ್ಲಿ ನಿಂತಿದೆ. ತಂಗಿಯ ಮಗಳು ಶೈಲಾ ಶಿಮ್ಲಾಕ್ಕೆ ಡಾಕ್ಟರಾಗಿ ಹೋಗುವವಳು. ಮಿಲಿಟರಿಯಲ್ಲಿ ಲಾರಿ ಓಡಿಸಿದ್ದ ನಮ್ಮ ಡ್ರೈವರ್ ತಿಮ್ಮಪ್ಪ, ಒದ್ದೆ ಹುಲ್ಲು ಹರಡಿ ಅವಳಿಗೆ ಹಿಮದ ಮೇಲೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಾನೆ.

"ಜಾರ್ತು ಅಂತ ಬ್ರೇಕ್ ತುಳೀಬ್ಯಾಡಿ. ಹಿಂದಿನ ಗಾಲಿ ಹೋದ ಕಡೀಗೇ ಸ್ಟೇರಿಂಗ್ ತಿರುಗ್ಸಿ."

ನಾನು ಓದಿದ ಕಾನ್ವೆಂಟಿನ ಸಿಸ್ಟರ್ ತಮ್ಮೂರಿನ ಸ್ನೋ ವರ್ಣಿಸಿದಂದಿನಿಂದ ನನಗೆ ಅದನ್ನು ನೋಡುವಾಸೆ. ನೋಡಲಾಗಲಿಲ್ಲ. ಸ್ಟೇರಿಂಗನ್ನಂತೂ ನಮ್ಮವರು ಇರುವತನಕ ಮುಟ್ಟಗೊಡಲಿಲ್ಲ.

"ತಿಮ್ಮಪ್ಪ, ನನಗೂ ಒನ್ ರೌಂಡ್, ಪ್ಲೀಸ್," ಎಂದೆ.

"ದೊಡ್ಡಮ್ಮ, ಗದ್ದೆಗೆ ಇಳಿಸ್ತೀರಿ!" ಶೈಲಾ ನಕ್ಕಳು.

"ಇಳಿಸ್ಲಿ ಬಿಡಿ, ಎತ್ತು ಕಟ್ಟಿ ಎಳ್ಸಾಣ. ಕೂತ್ಕಳಿ ಅಮ್ಮಾ."

ತಿಮ್ಮಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟಂತೆ ಕ್ಲಚ್ ಬಿಟ್ಟೆ. ಕಾರು ಜಾರಿ, ಅರ್ಧ ಸುತ್ತು ತಿರುಗಿ ನಿಂತಿತು. ಬ್ರೇಕ್ ತುಳಿಯಲಿಲ್ಲ. ಶೈಲಾ ಬಾಗಿಲು ತೆಗೆದು ಕೈಚಾಚಿದ್ದಾಳೆ. ನನಗೆ ಇಳಿಯಲು ಮನಸ್ಸಿಲ್ಲ.